ಚುಚ್ಚುವ ಉಣ್ಣೆಯ ಸುಖ

ಆಗತಾನೆ ಕತ್ತರಿಸಿದ ಉಣ್ಣೆಯ ರಾಶಿಗೆ ಮೊಣಕೈವರೆಗೆ ಕೈ ಹಾಕಿ ಕೂತರೆ ನನಗೆ ಊಟದ ಹೊತ್ತು ನೆನಪಾಗುವುದಿಲ್ಲ. ಕುರಿಯ ಮೈಬಿಸಿ ಇನ್ನೂ ಅದರೊಳಗೆ ಇರುತ್ತದೆ. ಬೆವರು, ಒಣಹುಲ್ಲು, ಜಾಲಿಮುಳ್ಳು, ಮಂದೆಯ ಕೆಮ್ಮಣ್ಣು ಎಲ್ಲ ಕಲೆತ ಒಂದು ವಾಸನೆ. ಆಗದವರು ಅದನ್ನು ನಾತ ಅನ್ನುತ್ತಾರೆ, ನಮ್ಮ ಮನೆಯವರೂ ಅವರಲ್ಲಿ ಸೇರಿದ್ದಾರೆ. ಸ್ವಲ್ಪ ಹೊತ್ತಿಗೆ ಅಂಗೈ ಮೆತ್ತಗಾಗಿ ಮಿರುಗತೊಡಗುತ್ತದೆ. ಅದು ಉಣ್ಣೆಯ ಜಿಡ್ಡು. ಇದನ್ನೇ ಸೋಸಿ ಲ್ಯಾನೋಲಿನ್ ಎಂದು ಹೆಸರಿಟ್ಟು, ಒಡೆದ ತುಟಿಗೆ ಹಚ್ಚಿಕೊಳ್ಳಲು ಪೇಟೆಯಲ್ಲಿ ಮಾರುತ್ತಾರೆ. ಕಂಬಳಿಕೊಪ್ಪೆ ಹೊದ್ದು ಜಡಿಮಳೆಯಲ್ಲಿ ನಿಂತ ಕುರಿಗಾರನ ಬೆನ್ನು ಬೇಗ ತೋಯದಿರುವುದರಲ್ಲೂ ಈ ಜಿಡ್ಡಿನ ಪಾಲಿದೆ.

ನನ್ನ ಪ್ರೀತಿಯೆಲ್ಲ ದಖನಿ ಕುರಿಯ ಉಣ್ಣೆಯ ಮೇಲೆ. ಚಿತ್ರದುರ್ಗ, ಬಳ್ಳಾರಿ, ಹಾವೇರಿ, ಗದಗದ ಬಯಲಿನಲ್ಲಿ ಮೇಯುವ ಕರಿಕುರಿ ಇದು. ಮೆರಿನೊ ಕುರಿಯ ಎಳೆಯ ದಪ್ಪ 25 ಮೈಕ್ರಾನಿನೊಳಗೆ ಇದ್ದರೆ ಇದರದು ಸಾಮಾನ್ಯವಾಗಿ 40 ದಾಟುತ್ತದೆ. ಆ ಕುರಿ ವರ್ಷಕ್ಕೆ ನಾಲ್ಕೈದು ಕಿಲೋ ಉಣ್ಣೆ ಕೊಟ್ಟರೆ ನಮ್ಮದು ಎರಡು ಸಲದ ಕತ್ತರಿ ಸೇರಿದರೂ ಅರ್ಧ ಕಿಲೋದ ಆಸುಪಾಸು. ಸಾಲದ್ದಕ್ಕೆ ಮೈಗೆ ತಾಗಿದರೆ ಚುಚ್ಚುತ್ತದೆ. ಇದನ್ನೆಲ್ಲ ಮೊದಲೇ ಹೇಳಿಬಿಡಬೇಕು. ಉಣ್ಣೆ ಮಾರುವವನಿಗೆ ಇದಕ್ಕಿಂತ ದೊಡ್ಡ ಜಾಣತನವಿಲ್ಲ ಎಂದು ನಾನು ನಂಬಿದ್ದೇನೆ.

ಕತ್ತರಿ ಹಾಕುವ ಮುಂಚೆ ಕುರಿಗಳನ್ನು ಕೆರೆಗೋ ಹಳ್ಳಕ್ಕೋ ಇಳಿಸಿ ಮೈ ತೊಳೆಯುತ್ತಾರೆ. ಬಿಸಿಲಿಗೆ ಆರಿದ ಮೇಲೆ ಕಾಲು ಕಟ್ಟಿ ಮಲಗಿಸಿ ಕತ್ತರಿಸಲು ಕೂರುತ್ತಾರೆ. ಪಳಗಿದ ಕೈ ಚರ್ಮಕ್ಕೆ ಒತ್ತಿಕೊಂಡೇ ಹೋಗುತ್ತದೆ, ಕುರಿ ಕಮಕ್ ಕಿಮಕ್ ಅನ್ನುವುದಿಲ್ಲ. ಬೇಸಾಯದಲ್ಲಿ ಮುಯ್ಯಾಳು ಇದ್ದಂತೆ ಇಲ್ಲೂ ಒಬ್ಬರ ಹಟ್ಟಿಗೆ ಇನ್ನೊಬ್ಬರು ಹೋಗಿ ಕತ್ತರಿಸಿಕೊಡುವ ರೂಢಿಯಿತ್ತು. ಕತ್ತರಿ ಒಮ್ಮೆ ಓಡಿದ ಜಾಗದಲ್ಲಿ ಮತ್ತೊಮ್ಮೆ ಓಡಿದರೆ ಗಿಡ್ಡ ತುಣುಕುಗಳು ಬೀಳುತ್ತವೆ. ಅವು ನೂಲಿಗೆ ಬಾರವು, ನೂತರೂ ಕಂಬಳಿಯ ಮೇಲೆ ಗಂಟುಗಂಟಾಗಿ ಏಳುತ್ತವೆ.

ನನಗೆ ಎಲ್ಲಕ್ಕಿಂತ ರುಚಿಸುವುದು ಆರಿಸುವ ಕೆಲಸ. ಬೆನ್ನು, ಭುಜದ ಉಣ್ಣೆ ಒಂದು ಕಡೆ. ಹೊಟ್ಟೆ, ಕಾಲಿನದು ಇನ್ನೊಂದು ಕಡೆ. ಹಿಂಗಾಲಿನ ಹಿಕ್ಕೆ ಮೆತ್ತಿದ್ದು ಸೀದಾ ತಿಪ್ಪೆಗೆ, ಅಲ್ಲಿ ಅದು ಒಳ್ಳೆಯ ಗೊಬ್ಬರ. ಆಮೇಲೆ ಬಣ್ಣ. ಕರಿ ಎಂದರೆ ಒಂದೇ ಕರಿಯಲ್ಲ. ಮರಿಯ ಮೊದಲ ಕತ್ತರಿಯದು ಕಾಡಿಗೆಗಪ್ಪು, ಮುಟ್ಟಿದರೆ ಎಲ್ಲಕ್ಕಿಂತ ಮೆತ್ತಗೆ. ವಯಸ್ಸಾದ ಕುರಿಯದು ಬೂದಿಗೆ ತಿರುಗಿರುತ್ತದೆ. ಬಿಸಿಲು ತಿಂದ ತುದಿಗಳು ಕಂದು. ಬಣ್ಣದ ಹನಿಯೂ ತಾಗಿಸದೆ ಪಟ್ಟೆ ಪಟ್ಟೆಯ ಕಂಬಳಿ ನೇಯುತ್ತಾರಲ್ಲ, ಅದರ ಚಿತ್ತಾರವೆಲ್ಲ ಈ ರಾಶಿಗಳನ್ನು ಮಾಡುವಾಗಲೇ ಅರ್ಧ ಮುಗಿದಿರುತ್ತದೆ. ಕೊನೆಗೆ ಒಂದು ಚಿಕ್ಕ ಎಸಳನ್ನು ಎರಡು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಜಗ್ಗಿ ನೋಡಬೇಕು. ಬಿಗಿಯಾಗಿ ನಿಂತರೆ ಗಟ್ಟಿ ಉಣ್ಣೆ. ಚಿಟಚಿಟ ಅಂದರೆ ಕುರಿ ಕಾಯಿಲೆ ಬಿದ್ದಿತ್ತು, ಇಲ್ಲವೇ ಬರದಲ್ಲಿ ಮೇವಿಲ್ಲದೆ ಸೊರಗಿತ್ತು ಎಂದು ತಿಳಿಯಬಹುದು. ಕುರಿ ಪಟ್ಟ ಪಾಡು ಎಳೆಯಲ್ಲಿ ದಾಖಲಾಗಿರುತ್ತದೆ. ಹೀಗೆ ಜಗ್ಗುತ್ತಾ ಕೂತವನನ್ನು ಕಂಡು ಹಟ್ಟಿಯ ಹುಡುಗರು ನಗುತ್ತಾರೆ. ನಗಲಿ.

ತೊಳೆಯುವುದಕ್ಕೆ ಅಂಟುವಾಳದಷ್ಟು ಒಳ್ಳೆಯದು ಇನ್ನೊಂದಿಲ್ಲ. ಕ್ಷಾರದ ಸೋಪು ಉಣ್ಣೆಯ ಜೀವ ತೆಗೆಯುತ್ತದೆ. ಬಿಸಿನೀರಿನಲ್ಲಿ ತಿಕ್ಕಿದಿರೋ, ಎಳೆಗಳು ಒಂದನ್ನೊಂದು ಕಚ್ಚಿ ಹಿಡಿದು ಜಮಖಾನೆಯಾಗುತ್ತವೆ, ಬ್ರಹ್ಮ ಬಂದರೂ ಬಿಡಿಸಲಾರ. ಒದ್ದೆ ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡುವುದು ಇನ್ನೂ ಕೆಟ್ಟದ್ದು. ತೊಳೆದಾದ ಮೇಲಿನ ಹಿಂಜುವುದು, ಹಂಜಿ ಮಾಡುವುದು, ರಾಟೆಯಲ್ಲಿ ನೂಲುವುದು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚುವುದು, ಕುಣಿಮಗ್ಗಕ್ಕೆ ಇಳಿಯುವುದು ನನ್ನ ಕೈಗೆ ಮೀರಿದ ವಿದ್ಯೆ. ನೂಲುವವರು ಹೆಂಗಸರು, ನೇಯುವವರು ಗಂಡಸರು. ಅವರ ಪಕ್ಕ ಕೂತು ಹರಟೆ ಹೊಡೆಯುವವನು ನಾನು.

ಇನ್ನು ಮಾರುವ ಮಾತು. ಸಂತೆಯಲ್ಲಿ ಕುರಿ ವ್ಯಾಪಾರಕ್ಕೆ ಟವೆಲ್ಲಿನಡಿ ಬೆರಳು ಹಿಡಿದು ರೇಟು ಕುದುರಿಸುವವರು ಉಣ್ಣೆಯ ಕಡೆ ತಿರುಗಿಯೂ ನೋಡುವುದಿಲ್ಲ. ಕತ್ತರಿಸುವ ಕೂಲಿಯೇ ಉಣ್ಣೆಯ ಬೆಲೆಯನ್ನು ಮೀರುವುದರಿಂದ ಎಷ್ಟೋ ಕುರಿಗಾರರು ಉಣ್ಣೆಯನ್ನು ಹೊಲದಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ಪಾಣಿಪತ್ತಿನಿಂದ ಬರುವ ಅಗ್ಗದ ರಗ್ಗುಗಳು ಕಂಬಳಿಯ ಜಾಗದಲ್ಲಿ ಕೂತಿವೆ. ಮಾಂಸಕ್ಕೆ ಬೆಲೆ ಏರಿದಂತೆ ಉಣ್ಣೆಯೇ ಇಲ್ಲದ ಕೆಂಗುರಿ, ಎಳಗ ತಳಿಗಳು ದಖನಿ ಮಂದೆಯೊಳಗೆ ನುಗ್ಗಿವೆ. ಮದುವೆಯಲ್ಲಿ ಕಟ್ಟುವ ಕಂಕಣ ಉಣ್ಣೆಯದೋ ಹತ್ತಿಯದೋ ಎಂಬುದರ ಮೇಲೆ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಎಂದು ಪಂಗಡಗಳಿರುವ ಕುರುಬರ ನಾಡಿನಲ್ಲೇ ಹೀಗೆ.

ಇದಕ್ಕೆ ಮದ್ದೆಂದು ಕೆಲವರು ದಖನಿ ಉಣ್ಣೆಯನ್ನು ಮೆತ್ತಗೆ ಮಾಡಲು ಹೊರಡುತ್ತಾರೆ. ಶಾಲು ಮಾಡಿ, ಮಫ್ಲರ್ ಮಾಡಿ, ಕೊಂಡವರ ಕತ್ತು ಕೆರೆಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಒರಟು ಎಳೆ ಬೇಗ ಸವೆಯುವುದಿಲ್ಲ, ತುಳಿದರೆ ಮತ್ತೆ ಎದ್ದು ನಿಲ್ಲುತ್ತದೆ. ಅದರ ಜಾಗ ನೆಲದ ಮೇಲೆ, ಕುರ್ಚಿಯ ಮೇಲೆ, ಹೆಗಲಿನ ಚೀಲದಲ್ಲಿ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಬೆಂಗಳೂರಿನ ಗಿರಾಕಿಗಳಿಗೆ ನಾನು ಇದನ್ನು ಹೇಳುತ್ತೇನೆ, ಚುಚ್ಚುತ್ತದೆ ಎಂಬುದನ್ನೂ ಹೇಳುತ್ತೇನೆ. ಅನುಮಾನ ಇದ್ದವರ ಮುಂದೆ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರುತ್ತೇನೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಲ್ಲಿ ಹೊಸಕಿದರೆ ಪುಡಿಯಾಗುತ್ತದೆ. ಇಷ್ಟಾದ ಮೇಲೂ ಎಳೆ ಉದುರುತ್ತದೆ ಎಂದು ಫೋನು ಮಾಡುವವರು ಇದ್ದೇ ಇರುತ್ತಾರೆ. ಕಂಬಳಿಯ ಮೇಲೆ ಕೂತು ಉಣ್ಣುತ್ತಾ ಅನ್ನದಲ್ಲಿ ಕೂದಲು ಹುಡುಕಿದವನ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಯೋಗ ಮಾಡುವವರಿಗೆ ಕಂಬಳಿಯ ಹಾಸು ಬೇಕೆಂದು ಒಂದು ಬೇಡಿಕೆ ಬಂದಾಗ ಚಳ್ಳಕೆರೆ ಸೀಮೆಯ ನೂಲುವ ಅಜ್ಜಿಯೊಬ್ಬರಿಗೆ ವಿಷಯ ತಿಳಿಸಿದೆ. ದೇವರಾದ ಬೀರಪ್ಪನಿಗೆ, ಮೈಲಾರಲಿಂಗನಿಗೆ ಗದ್ದಿಗೆ ಹಾಕುವುದು ಕಂಬಳಿಯ ಮೇಲೆಯೇ. ಅಜ್ಜಿಯ ರಾಟೆ ನಿಂತಿತು.

“ಅದರ ಮ್ಯಾಲೆ ಕಾಲಿಟ್ಟು ಕುಣೀತಾರೇನಪ್ಪಾ?”

“ಇಲ್ಲಜ್ಜಿ, ಕೂತ್ಕೊಂಡು ಕಣ್ಣು ಮುಚ್ತಾರೆ.”

“ಹಂಗಾದ್ರೆ ಸರಿ.” ರಾಟೆ ಮತ್ತೆ ತಿರುಗಿತು. “ಒಬ್ರು ಕೂರಾಕೆ ಅಷ್ಟಗಲ ಯಾಕೆ? ಒಂದು ಗೇಣು ಕಮ್ಮಿ ನೇಯಾಕೆ ನಮ್ಮ ಹುಡುಗ್ನಿಗೆ ಹೇಳು, ನೂಲು ಉಳೀತೈತೆ. ರೇಟು ಮಾತ್ರ ಇಳಿಸಬ್ಯಾಡ ಕಣಪ್ಪ.”