ಇಬ್ಬರ ಖೋಲಿ

"ಎಷ್ಟು ಮಂದಿ ಕೂಡ್ತಾರ ತಮ್ಮ, ಅದರಾಗ?"

ನಾನು ಬೆಂಗಳೂರಿನಲ್ಲಿ ಕಾರು ಮಾಡುವ ಕೆಲಸಕ್ಕೆ ಹತ್ತಿದ್ದೇನೆಂದು ಊರಿಗೆಲ್ಲ ಗೊತ್ತಾದ ಮೇಲೆ ಕಾಕಾ ಕೇಳಿದ ಮೊದಲ ಪ್ರಶ್ನೆ ಇದು. ಇಬ್ಬರು ಎಂದೆ. ಸನ್ನತಿಯ ಅಗಸಿ ಬಳಿ ನಿಂತಿದ್ದೆವು. ಆಗಲೇ ಚಿತ್ತಾಪುರದ ಕಡೆಯಿಂದ ಒಂದು ಟಂಟಂ ಬಂದು ನಿಲ್ಲಬೇಕೇ! ಹೆಂಗಸರು, ಮಕ್ಕಳು, ಎರಡು ತೊಗರಿ ಚೀಲ, ಹಿಂದೆ ಜೋತುಬಿದ್ದ ಹುಡುಗರು, ಎಲ್ಲ ಸೇರಿ ಹದಿಮೂರು ತಲೆ ಇಳಿದವು. ಕಾಕಾ ಟಂಟಂ ಕಡೆ ನೋಡಿದರು, ನನ್ನ ಕಡೆ ನೋಡಿದರು. ಏನೂ ಅನ್ನಲಿಲ್ಲ.

"ಅದಕ್ಕ ಕೂಪೆ ಅಂತಾರ್ರಿ ಕಾಕಾ" ಎಂದೆ, ಹೆಸರಿನಿಂದಾದರೂ ಮರ್ಯಾದೆ ಉಳಿಯಲಿ ಎಂದು.

"ಕೂಪೆ ಗೊತ್ತಿಲ್ಲೇನು ನಂಗ? ಫಸ್ಟ್ ಕ್ಲಾಸಿನಾಗ ಇರ್ತದಲ್ಲ, ಇಬ್ಬರು ಮಲಗೋ ಖೋಲಿ. ಸಾಹೇಬರು ಇಲ್ಲಾ ಹೊಸದಾಗಿ ಲಗ್ನ ಆದವ್ರು, ಅದರಾಗ ಬ್ಯಾರೇ ಮಂದಿ ಕೂಡಂಗಿಲ್ಲ."

ನಾನು ಬಾಯಿ ಮುಚ್ಚಿಕೊಂಡೆ. ಕಾಕಾ ಮೂವತ್ತು ವರ್ಷ ವಾಡಿ ಜಂಕ್ಷನ್ನಿನಲ್ಲಿ ಹಮಾಲಿ ಮಾಡಿದವರು. ನಿಜಾಮರ ರೈಲು 1874ರಲ್ಲಿ ಹೈದರಾಬಾದಿನ ಕಡೆಯಿಂದ ಬಂದು ಮುಂಬಯಿ ಹಾದಿಗೆ ಕೂಡಿಕೊಂಡದ್ದು ಇದೇ ವಾಡಿಯಲ್ಲಿ. ನಾನು ಡಿಸೈನ್ ಶಾಲೆಗೆ ಹೋಗಿ ಕಲಿತ ಶಬ್ದವನ್ನು ಅವರು ನಾನು ಹುಟ್ಟುವ ಮೊದಲೇ ತಲೆಯ ಮೇಲೆ ಟ್ರಂಕು ಹೊತ್ತು ಕಲಿತಿದ್ದರು.

ಕೂಪೆ ಫ್ರೆಂಚರ ಮಾತು. ಕೊಯ್ದದ್ದು, ಕತ್ತರಿಸಿದ್ದು ಎಂದರ್ಥ. ನಾಲ್ಕು ಮಂದಿ ಎದುರುಬದುರು ಕೂಡುವ ಸಾರೋಟಿನಲ್ಲಿ ಹಿಂದಕ್ಕೆ ಮುಖ ಮಾಡಿದ ಆಸನವನ್ನು ಯಾರೋ ಕೊಯ್ದು ತೆಗೆದರು. ಗಾಡಿ ಗಿಡ್ಡವಾಯಿತು, ಇಬ್ಬರದಾಯಿತು, ಬೆಲೆ ಮಾತ್ರ ಇಳಿಯಲಿಲ್ಲ. ಸೀಟು ಕಡಿಮೆಯಾದಷ್ಟೂ ಪ್ರತಿಷ್ಠೆ ಹೆಚ್ಚುವ ಈ ಲೆಕ್ಕ ಟಂಟಂ ಓಡಿಸುವವನಿಗೆ ಇವತ್ತಿಗೂ ಅರ್ಥವಾಗುವುದಿಲ್ಲ. ನನಗೂ ಪೂರ್ತಿ ಆಗಿಲ್ಲ.

ಕೊಯ್ಯುವುದು ಮಾತ್ರ ನಮ್ಮ ಮನೆತನದ ಕೆಲಸ. ಅಪ್ಪ ಶಹಾಬಾದಿನ ಪರಸಿ ಖಣಿಯಲ್ಲಿದ್ದರು. ಪದರು ಪದರಾಗಿ ಮಲಗಿದ ಕಲ್ಲಿನ ಸಂದಿಗೆ ಉಳಿ ಇಟ್ಟು ಬಡಿದು, ಹಾರೆಯಿಂದ ಮೀಟಿದರೆ ರೊಟ್ಟಿ ಎದ್ದ ಹಾಗೆ ಚಪ್ಪಡಿ ಏಳುತ್ತದೆ. ಪಾಲಿಶ್ ಆದ ಪರಸಿಯ ಮೇಲೆ ಅಪ್ಪ ನೀರು ಚೆಲ್ಲಿ, ನೆಲಕ್ಕೆ ಗಲ್ಲ ಹಚ್ಚಿ, ಬೆಳಕಿಗೆ ಅಡ್ಡಲಾಗಿ ನೋಡುತ್ತಿದ್ದರು. ಬೆರಳಿಗೆ ಸಿಗದ ತಗ್ಗು ನೀರಿನ ಹೊಳಪಿನಲ್ಲಿ ಸಿಕ್ಕಿಬೀಳುತ್ತಿತ್ತು.

ಸ್ಟುಡಿಯೋಗೆ ಹೋದ ಮೊದಲ ವಾರ ನನ್ನ ಹಿರಿಯ ಮಾಡೆಲರ್ ಅದೇ ಭಂಗಿಯಲ್ಲಿ ನೆಲಕ್ಕೆ ಕುಕ್ಕರಿಸಿ, ಒಂದು ಕಣ್ಣು ಮುಚ್ಚಿ, ಕಾರಿನ ಪಕ್ಕೆಯನ್ನು ನೋಡುತ್ತಿದ್ದುದನ್ನು ಕಂಡು ಅರ್ಧ ಹೆದರಿಕೆ ಹೋಯಿತು. ಕಾರು ಎಂದರೆ ಕಾರಲ್ಲ, ಮಣ್ಣು. ಫೋಮಿನ ಒಡಲಿನ ಮೇಲೆ ಓವನ್ನಿನಲ್ಲಿ ಮೆತ್ತಗಾಗಿಸಿದ ಕಂದು ಬಣ್ಣದ ಕ್ಲೇಯನ್ನು ಅಂಗೈಯಿಂದ ಒತ್ತಿ ಒತ್ತಿ ಹಚ್ಚುತ್ತೇವೆ. ಆರಿದ ಮೇಲೆ ಹಲ್ಲಿನ ಪಟ್ಟಿಯಿಂದ ಕೆರೆದು, ಉಕ್ಕಿನ ತೆಳು ತಗಡಿನಿಂದ ನಯ ಮಾಡುತ್ತೇವೆ. ಕಪ್ಪು ಟೇಪನ್ನು ಎಳೆದು ಅಂಟಿಸಿ ಗೆರೆ ಹುಡುಕುತ್ತೇವೆ. ಅರ್ಧ ಮಿಲಿಮೀಟರ್ ಮೇಲೋ ಕೆಳಗೋ ಎಂಬ ಜಗಳಕ್ಕೆ ಒಂದು ಮಧ್ಯಾಹ್ನ ಹೋಗುತ್ತದೆ. ಕೊನೆಗೆ ಬಣ್ಣದ ತೆಳು ಹಾಳೆ ಹೊದಿಸಿ, ಮೇಲೆ ಸಾಲು ಟ್ಯೂಬ್‌ಲೈಟು ಹಚ್ಚಿದರೆ ಬೆಳಕು ಮೈಮೇಲೆ ನೀರಿನ ಹಾಗೆ ಹರಿಯುತ್ತದೆ. ಹರಿಯುವ ಗೆರೆ ಎಲ್ಲಿ ನಡುಗಿತೋ ಅಲ್ಲಿ ತಪ್ಪು.

ಈ ಮಣ್ಣಿನಾಟವನ್ನು ದೊಡ್ಡ ಕಾರ್ಖಾನೆಗೆ ತಂದವನು ಹಾರ್ಲಿ ಅರ್ಲ್. ಲಾಸ್ ಏಂಜಲೀಸಿನ ಗಾಡಿ ಕಟ್ಟುವವನ ಮಗ. 1927ರಲ್ಲಿ ಜನರಲ್ ಮೋಟರ್ಸ್ ಅವನನ್ನು ಕರೆದುಕೊಂಡಿತು. 1938ರ ಅವನ ಬ್ಯೂಕ್ ವೈ-ಜಾಬ್ ಮಾರಲಿಕ್ಕಲ್ಲದೆ ತೋರಿಸಲಿಕ್ಕೆಂದೇ ಹುಟ್ಟಿದ ಮೊದಲ ಕಾರು ಎನ್ನುತ್ತಾರೆ. ಅದಾದರೂ ಓಡುತ್ತಿತ್ತು, ಅರ್ಲ್ ತಾನೇ ಓಡಿಸಿಕೊಂಡು ತಿರುಗುತ್ತಿದ್ದ. ಈಗಿನವು ಎಷ್ಟೋ ಸಲ ಜಾತ್ರೆಯ ತೇರಿನ ಜಾತಿ. ಮಂದಿ ನೂಕಿದಷ್ಟು ದೂರ ನಡೆ, ಆಮೇಲೆ ವರ್ಷವಿಡೀ ತಗಡಿನ ಮನೆಯೊಳಗೆ ವಾಸ.

ನಮ್ಮ ನಾಡಿನಲ್ಲೂ ಇಂಥ ತೇರು ಎಳೆದವರುಂಟು. 2001ರಲ್ಲಿ ಬೆಂಗಳೂರಿನ ಬೀದಿಗಿಳಿದ ರೇವಾವನ್ನು ಕಂಡು ನಕ್ಕವರೇ ಹೆಚ್ಚು. ಚೇತನ್ ಮೈನಿ ಅವರ ಆ ವಿದ್ಯುತ್ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಿತು. ಅಂಥ ಡಬ್ಬಿ ಕಟ್ಟಿದವರೇ 2009ರಲ್ಲಿ ಫ್ರಾಂಕ್‌ಫರ್ಟಿಗೆ ಇಬ್ಬರೇ ಕೂಡುವ ಎನ್‌ಎಕ್ಸ್‌ಜಿಯನ್ನು ಒಯ್ದರು, ಆಕಾರ ದಿಲೀಪ್ ಛಾಬ್ರಿಯಾ ಅವರದು. ಕಂಪನಿ ಮಹೀಂದ್ರದ ಕೈಸೇರಿದ ಮೇಲೆ 2014ರ ಆಟೋ ಎಕ್ಸ್‌ಪೋದಲ್ಲಿ ಹೇಲೋ ಬಂತು. ಅದೂ ಇಬ್ಬರದೇ, ವಿದ್ಯುತ್ತಿನ ಸ್ಪೋರ್ಟ್ಸ್ ಕಾರು. ಎರಡೂ ಅಂಗಡಿಗೆ ಬರಲಿಲ್ಲ. ನನಗೇನೂ ಬೇಸರವಿಲ್ಲ. ತೇರಿಗೆ ಮೈಲೇಜ್ ಎಷ್ಟು ಎಂದು ಯಾರು ಕೇಳುತ್ತಾರೆ?

ಆದರೆ ಮಣ್ಣಿಗೊಂದು ಸಲಿಗೆ ಇದೆ, ಅದು ಕಲ್ಲಿಗಿಲ್ಲ. ನಾನು ಜಾಸ್ತಿ ಕೆರೆದರೆ ಒಂದು ಹಿಡಿ ಹಚ್ಚಿದರಾಯಿತು. ಊರಿಗೆ ಹೋದಾಗಲೆಲ್ಲ ಇದಕ್ಕೆ ಉಲ್ಟಾ ಪಾಠವೊಂದನ್ನು ನೆನೆಯುತ್ತೇನೆ. 1986ರಲ್ಲಿ ನಮ್ಮ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ ಮೂರ್ತಿಯ ಪೀಠವಾಗಿದ್ದ ಚಪ್ಪಡಿ ಹೊರಬಿತ್ತು. ನೋಡಿದರೆ ಎರಡೂ ಮುಖಕ್ಕೆ ಅಶೋಕನ ಬ್ರಾಹ್ಮಿ ಅಕ್ಷರ! ನಡುವೆ ಮಾತ್ರ ಮೂರ್ತಿಯನ್ನು ಊರಲು ಕೊರೆದ ಚೌಕ ತೂತು. ಕೊರೆದವನ ಕೈ ಬಹಳ ಚೊಕ್ಕ, ಅಂಚು ನೇರ. ಅವನ ಮೇಲೆ ನನಗೆ ಸಿಟ್ಟೇ ಬರುವುದಿಲ್ಲ. ಅವನಿಗೆ ಹೇಳಿದ ಅಳತೆಗೆ ಅವನು ಕೊಯ್ದ, ನನ್ನ ಹಾಗೆಯೇ. ಸ್ವಲ್ಪ ದೂರದ ಕನಗನಹಳ್ಳಿಯ ಸ್ತೂಪದಲ್ಲಿ ಸುಣ್ಣಗಲ್ಲಿನ ಮೇಲೆ ಅಶೋಕ ರಾಣಿಯ ಜೊತೆ ನಿಂತಿದ್ದಾನೆ, ತಲೆಯ ಮೇಲೆ ಅವನ ಹೆಸರೂ ಇದೆ. ಆ ಚೌಕ ತೂತಿನಲ್ಲಿ ಹೋದ ಅಕ್ಷರಗಳನ್ನು ಮಾತ್ರ ಯಾವ ಓವನ್ನಿನ ಕ್ಲೇಯೂ ತುಂಬಲಾರದು.

ಕಳೆದ ಮೇ ತಿಂಗಳಲ್ಲಿ ಉಳಿಕೆ ಕ್ಲೇಯಲ್ಲಿ ಗೇಣುದ್ದದ ಕೂಪೆಯೊಂದನ್ನು ನನ್ನ ಮನಸ್ಸಿಗೆ ಬಂದ ಹಾಗೆ ಮಾಡಿ, ಕಾಕಾಗೆ ತೋರಿಸಲೆಂದು ಊರಿಗೆ ಒಯ್ದೆ. ನೆರಳು ಬೆಳಕು ನೋಡೋಣವೆಂದು ಮುಂಜಾನೆ ಮಾಳಿಗೆಯ ಪರಸಿಯ ಮೇಲಿಟ್ಟು, ಉಂಡು ಮಲಗಿಬಿಟ್ಟೆ. ನಮ್ಮ ಕಡೆಯ ಬಿಸಿಲಿನ ಅಂದಾಜು ಬೆಂಗಳೂರಿನಲ್ಲಿ ಅಷ್ಟು ಬೇಗ ಮರೆತುಹೋಗಿತ್ತು. ಸಂಜೆ ಹೋಗಿ ನೋಡಿದರೆ ಪರಸಿಯೇ ಓವನ್ನಾಗಿ ಕಾರಿನ ಚಾವಣಿ ಹಿಂದಕ್ಕೆ ಒಂದು ಬೆರಳು ಜಗ್ಗಿತ್ತು. "ಹಿಂದೆ ಇನ್ನಷ್ಟು ಇಳೀಬೇಕು, ಇನ್ನಷ್ಟು" ಎಂದು ನಮ್ಮ ಮುಖ್ಯಸ್ಥರು ಮೂರು ವಾರದಿಂದ ಪೀಡಿಸುತ್ತಿದ್ದ ಇಳಿತ, ಹೆಚ್ಚುಕಡಿಮೆ ಅದೇ. ಮಕಾಡೆ ಮಲಗಿ, ಗಲ್ಲವನ್ನು ಬಿಸಿ ಪರಸಿಗೆ ಹಚ್ಚಿ, ಪಕ್ಕದಿಂದ ನಾಲ್ಕು ಫೋಟೋ ತೆಗೆದೆ.

ಕಾಕಾ ಹಿಂದೆ ಬಂದು ನಿಂತಿದ್ದರು. ಬಗ್ಗಿ ನೋಡಿದರು.

"ಈಗ ಒಬ್ಬನೂ ಕೂಡಂಗಿಲ್ಲಲ್ಲೋ ತಮ್ಮ!"