ಶಕ್ತಿಯಿದ್ದಷ್ಟು ಹೊಣೆ

ಬೇಲೂರಿನಲ್ಲಿ ಅಧ್ಯಾಪಕನಾಗಿದ್ದಷ್ಟು ಕಾಲವೂ ನಾನು ನೀತಿಶಾಸ್ತ್ರವನ್ನು ಬೋಧಿಸಿದೆ. ನಿವೃತ್ತನಾಗಿ ಅರಸೀಕೆರೆಯ ಸಮೀಪದ ನಮ್ಮ ತೆಂಗಿನ ತೋಟಕ್ಕೆ ಮರಳಿದ ಬಳಿಕ ಆ ಶಾಸ್ತ್ರದ ಪರೀಕ್ಷೆಗೆ ನಾನೇ ಒಳಗಾದೆ, ಉತ್ತೀರ್ಣನಾಗಲಿಲ್ಲ. ಬರಗಾಲದಲ್ಲಿ ಮರಗಳು ಸೊರಗತೊಡಗಿದಾಗ 800 ಅಡಿಯ ಕೊಳವೆ ಬಾವಿಯನ್ನು ಕೊರೆಸಿದೆ. ನೀರು ಬಂದಿತು. ಮರುವರ್ಷ ನೆರೆಯವರ 300 ಅಡಿಯ ಬಾವಿ ಬತ್ತಿತು. ನಮ್ಮ ಮನೆಯಲ್ಲಿ ಇಂದಿಗೂ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತೇವೆ. ಸೂಕ್ಷ್ಮಜೀವಿಗೂ ನೋವಾಗಬಾರದೆಂಬ ಆ ನಿಯಮವನ್ನು ಪಾಲಿಸುತ್ತಲೇ, ಈ ನೀರು ಯಾರ ಪಾಲಿನದು ಎಂದು ಕೇಳದೆ ಹೋದೆನಲ್ಲ ಎಂಬ ಚಿಂತೆ ನನ್ನನ್ನು ಕಾಡಿತು.

ಆ ದಿನಗಳಲ್ಲಿ ಜರ್ಮನಿಯ ತತ್ತ್ವಜ್ಞಾನಿ ಹಾನ್ಸ್ ಯೋನಾಸರ ಬಾಳು ಮತ್ತು ಬರಹಗಳು ಮತ್ತೆ ಮತ್ತೆ ನೆನಪಾದವು. 1903ರಲ್ಲಿ ಯೆಹೂದಿ ಕುಟುಂಬದಲ್ಲಿ ಜನಿಸಿದ ಅವರು ಮಾರ್ಟಿನ್ ಹೈಡೆಗರ್ ಅವರ ಶಿಷ್ಯರು. 1933ರಲ್ಲಿ ಗುರು ನಾಜಿ ಪಕ್ಷವನ್ನು ಸೇರಿದರು. ಶಿಷ್ಯರು ದೇಶವನ್ನೇ ತೊರೆದರು. ಬ್ರಿಟಿಷ್ ಸೇನೆಯ ಯೋಧರಾಗಿ 1945ರಲ್ಲಿ ಜನ್ಮಭೂಮಿಗೆ ಮರಳಿದಾಗ, ತಾಯಿ ಆಶ್ವಿಟ್ಸ್‌ನಲ್ಲಿ ಹತರಾದರೆಂಬ ವಾರ್ತೆ ಅವರನ್ನು ಎದುರುಗೊಂಡಿತು. 1955ರಿಂದ 1976ರವರೆಗೆ ಅವರು ನ್ಯೂಯಾರ್ಕಿನ ನ್ಯೂ ಸ್ಕೂಲ್‌ನಲ್ಲಿ ಅಧ್ಯಾಪಕರಾಗಿದ್ದರು. ಪ್ರಾಚೀನ ಧರ್ಮಪಂಥಗಳ ಸಂಶೋಧಕರೆಂದು ಹೆಸರಾಗಿದ್ದವರು ಕ್ರಮೇಣ ವೈದ್ಯಕೀಯ ಹಾಗೂ ತಂತ್ರಜ್ಞಾನಗಳ ನೈತಿಕ ಪ್ರಶ್ನೆಗಳತ್ತ ಹೊರಳಿದರು. 1968ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ಮಿದುಳಿನ ಸಾವನ್ನೇ ಮರಣವೆಂದು ಗಣಿಸಬೇಕೆಂದಾಗ, ಅಂಗಾಂಗಗಳ ಅಗತ್ಯಕ್ಕಾಗಿ ಮರಣದ ಲಕ್ಷಣವನ್ನು ಬದಲಿಸಲಾಗದೆಂದು ವಾದಿಸಿದರು. ಹೊಣೆಗಾರಿಕೆಯ ತತ್ತ್ವವನ್ನು ಕುರಿತ ತಮ್ಮ ಪ್ರಮುಖ ಗ್ರಂಥವನ್ನು 1979ರಲ್ಲಿ, 76ನೆಯ ವಯಸ್ಸಿನಲ್ಲಿ, ತಾವು ತೊರೆದು ಬಂದ ನಾಡಿನ ಭಾಷೆಯಲ್ಲಿಯೇ ಪ್ರಕಟಿಸಿದರು. 1993ರಲ್ಲಿ ನಿಧನರಾದರು.

ಅವರ ವಿಚಾರಸರಣಿ ಸರಳವಾದುದು. ಹಿಂದಿನ ನೀತಿಶಾಸ್ತ್ರವು ಕಣ್ಣೆದುರಿನ ನೆರೆಯವನನ್ನು ಕುರಿತದ್ದು. ಏಕೆಂದರೆ ಮನುಷ್ಯನ ಕೈ ಅಷ್ಟೇ ದೂರ ಚಾಚುತ್ತಿತ್ತು. ಯಂತ್ರವು ಆ ಕೈಯನ್ನು ಮುಂದಿನ ತಲೆಮಾರುಗಳವರೆಗೂ ಚಾಚಿಸಿದೆ. ಶಕ್ತಿ ಎಲ್ಲಿಯವರೆಗೋ ಹೊಣೆಯೂ ಅಲ್ಲಿಯವರೆಗೆ. ಪರಿಣಾಮವು ಸಂದೇಹಾಸ್ಪದವಾಗಿದ್ದಲ್ಲಿ ಶುಭದ ಆಸೆಗಿಂತ ಅಶುಭದ ಮುನ್ಸೂಚನೆಗೆ ಹೆಚ್ಚು ಕಿವಿಗೊಡಬೇಕು. ಹಸುಳೆಯ ಬಗೆಗೆ ತಾಯಿತಂದೆಯರಿಗಿರುವ ಹೊಣೆ ಪ್ರತಿಫಲವನ್ನು ಬೇಡುವುದಿಲ್ಲ. ಹುಟ್ಟಲಿರುವವರ ಬಗೆಗಿನ ಹೊಣೆಯೂ ಅಂಥದೇ. ನನ್ನ ಅಜ್ಜ ಗುದ್ದಲಿಯಿಂದ ತೋಡಿದ ಬಾವಿ ಯಾರ ಬಾವಿಯನ್ನೂ ಬತ್ತಿಸಿರಲಾರದು. ನನ್ನ ಯಂತ್ರ ಒಂದೇ ಹಗಲಿನಲ್ಲಿ ಅಜ್ಜನ ನೀತಿಯನ್ನು ದಾಟಿ ಹೋಗಿತ್ತು.

ಈಚೆಗೆ ಹಳೇಬೀಡಿಗೆ ಹೋಗಿದ್ದೆ. ಅಲ್ಲಿಯ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪನು ತನ್ನ ತಂದೆ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಸ್ಮರಣಾರ್ಥ ಕಟ್ಟಿಸಿದನು. ಅದು ಗತಿಸಿದವರಿಗೆ ಸಲ್ಲಿಸಿದ ಋಣ. ಅನತಿದೂರದಲ್ಲಿ, ಊರಿಗೆ ದೋರಸಮುದ್ರವೆಂಬ ಹೆಸರನ್ನಿತ್ತ ಕೆರೆಯಿದೆ. ಅದನ್ನು ಕಟ್ಟಿದವರು ನಮ್ಮ ಮುಖವನ್ನು ಕಂಡವರಲ್ಲ; ನಾವು ಅವರಿಗೆ ಹಿಂದಿರುಗಿಸಬಲ್ಲುದು ಏನೂ ಇಲ್ಲ. ಯೋನಾಸರು ಹೇಳುವ ಹೊಣೆ ಆ ಏರಿಯ ಮೇಲೆ ನಿಂತಾಗ ನನಗೆ ತಿಳಿಯಾಗಿ ಕಂಡಿತು.

ನೆರೆಯವರಿಗೆ ಈಗ ದಿನ ಬಿಟ್ಟು ದಿನ ನಮ್ಮ ಬಾವಿಯ ನೀರನ್ನು ಬಿಡುತ್ತಿದ್ದೇವೆ. ಅವರು ಬಂದು ಕೇಳಬಲ್ಲರು. ಹುಟ್ಟಲಿರುವವರು ಬಿಂದಿಗೆ ಹಿಡಿದು ಬಂದು ಕೇಳಲಾರರು. 1,200 ಅಡಿಯವರೆಗೆ ಕೊರೆಸೋಣವೆಂದು ಮಗ ಹೇಳುತ್ತಾನೆ. ನಾನು ಒಪ್ಪಿಲ್ಲ. ತೋಟದಲ್ಲಿ ಬದುಗಳನ್ನು ಹಾಕಿಸಿ, ಇಂಗುಗುಂಡಿಗಳನ್ನು ತೋಡಿಸಿದ್ದೇನೆ. ಕೆಲವು ಮರಗಳು ಒಣಗುವುವು. ಆ ನಷ್ಟವು ನನ್ನ ಲೆಕ್ಕಕ್ಕೇ ಸೇರಲಿ.