ಪೈಪಿನ ಕುಲದ ಗಾಡಿ

ಹೋದ ವರ್ಷ ಬೆಂಗಳೂರಿನಿಂದ ಒಬ್ಬ ಹುಡುಗ ಫೋನ್ ಮಾಡಿದ. ದಾವಣಗೆರೆಯ ನಮ್ಮ ಹಳೆಯ ಮೆಕ್ಯಾನಿಕ್ ಮೇಸ್ತ್ರಿಯ ಮಗನಿಂದ ನಂಬರು ಸಿಕ್ಕಿತಂತೆ.

'ಸರ್, ನಿಮ್ಮ ತಂದೆಯವರ ಹತ್ರ ಸೀರೀಸ್ ಟೂ ಲ್ಯಾಂಬ್ರೆಟ್ಟಾ ಇತ್ತಂತಲ್ಲ. ಕೊಡೋದಿದ್ರೆ ನಾನೇ ಬಂದು ತಗೊಂಡು ಹೋಗ್ತೀನಿ.'

'ಅದನ್ನ 1991ರಲ್ಲೇ ಗುಜರಿಗೆ ಹಾಕಿದ್ವಪ್ಪ.'

ಸ್ವಲ್ಪ ಹೊತ್ತು ಆ ಕಡೆ ಮಾತೇ ಇಲ್ಲ. ಆಮೇಲೆ, ಸಾವಿನ ಸುದ್ದಿ ಕೇಳಿದವನ ಹಾಗೆ 'ಅಯ್ಯೋ' ಅಂದ. ಎಷ್ಟಕ್ಕೆ ಅಂತ ಕೇಳಿದ. ಸಾವಿರದ ಇನ್ನೂರು ಅಂದೆ. ಇನ್ನೊಂದು ಅಯ್ಯೋ. ಪಕ್ಕದಲ್ಲಿ ಅವರೆಕಾಳು ಸುಲಿಯುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು: 'ಆ ಗುಜರಿಯವನು ಒಳ್ಳೆ ರೇಟೇ ಕೊಟ್ಟಿದ್ದ.'

ಹುಡುಗನ ಅಯ್ಯೋಗೂ ಅಮ್ಮನ ಮಾತಿಗೂ ನಡುವೆ ಒಂದು ಗಾಡಿಯ ಇಡೀ ಚರಿತ್ರೆ ಇದೆ.

ಅಪ್ಪ ಅದನ್ನು ಕೊಂಡದ್ದು 1972ರಲ್ಲಿ. ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹೊಸ ಸ್ಕೂಟರ್ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಊರಿನ ಡಾಕ್ಟರೊಬ್ಬರು ಕಾರು ತೆಗೆದುಕೊಂಡದ್ದರಿಂದ ಅವರ ಆರು ವರ್ಷದ ಹಳೆಯ ಗಾಡಿ ನಮ್ಮ ಪಾಲಿಗೆ ಬಂತು. ತಿಳಿ ಬೂದು ಬಣ್ಣ, ಹ್ಯಾಂಡಲ್ ಜೊತೆಗೇ ತಿರುಗುವ ದೊಡ್ಡ ಹೆಡ್‌ಲೈಟು, ಹಿಂದೆ ಸ್ಟೆಪ್ನಿ. ಮುಂಬೈ ಭಾಂಡುಪ್‌ನ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ, ಅಂದರೆ ಎಪಿಐ, ಇಟಲಿಯ ಕಂಪನಿಯಿಂದ ಲೈಸೆನ್ಸ್ ಪಡೆದು ತಯಾರಿಸುತ್ತಿದ್ದ ಎಲ್‌ಐ 150. ನಮ್ಮ ಓಣಿಯಲ್ಲಿ ಅದರ ಹೆಸರು 'ಲ್ಯಾಂಬ್ರೆಟ'.

ಅಪ್ಪ ಅದಕ್ಕೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟ ದಿನ ನಮಗೆ ಗೊತ್ತಿಲ್ಲದ ಸಂಗತಿ ಒಂದಿತ್ತು: ಅದರ ತವರುಮನೆಯ ಬಾಗಿಲು ಅಷ್ಟರಲ್ಲಿ ಮುಚ್ಚಿಯಾಗಿತ್ತು. ಮಿಲಾನಿನಲ್ಲಿ ಲ್ಯಾಂಬ್ರೆಟ್ಟಾ ತಯಾರಿಕೆ ನಿಂತದ್ದು 1971ರಲ್ಲಿ.

ಈ ಗಾಡಿಯ ಮೂಲಪುರುಷ ಫರ್ಡಿನಾಂಡೊ ಇನ್ನೊಚೆಂಟಿ, 1891ರಲ್ಲಿ ಟಸ್ಕನಿಯ ಪೆಷಾದಲ್ಲಿ ಹುಟ್ಟಿದವನು. ಅವನದು ಕಬ್ಬಿಣದ ಪೈಪಿನ ವ್ಯಾಪಾರ. ಕಟ್ಟಡಕ್ಕೆ ಸಾರುವೆ ಕಟ್ಟುವಾಗ ಮರದ ಗಳುಗಳನ್ನು ಹಗ್ಗದಲ್ಲಿ ಬಿಗಿಯುವ ಬದಲು ಉಕ್ಕಿನ ಪೈಪುಗಳನ್ನು ಕ್ಲಾಂಪಿನಿಂದ ಜೋಡಿಸುವ ಪದ್ಧತಿಯನ್ನು ಇಟಲಿಯಲ್ಲಿ ನೆಲೆಗೊಳಿಸಿದವನು ಅವನೇ. 1930ರ ದಶಕದಲ್ಲಿ ಮಿಲಾನಿನ ಪೂರ್ವಕ್ಕೆ ಲ್ಯಾಂಬ್ರಾತೆ ಎಂಬಲ್ಲಿ ದೊಡ್ಡ ಕಾರ್ಖಾನೆ ಕಟ್ಟಿದ. ಎರಡನೇ ಮಹಾಯುದ್ಧದಲ್ಲಿ ಅದರ ಮೇಲೆ ಬಾಂಬು ಬಿತ್ತು. ಯುದ್ಧ ಮುಗಿದಾಗ ಅವನ ಮುಂದಿದ್ದದ್ದು ಮುರಿದ ಶೆಡ್ಡುಗಳು, ಪೈಪು ಬಗ್ಗಿಸಲು ಬಲ್ಲ ಕೆಲಸಗಾರರು, ಮತ್ತು ಕಾರು ಕೊಳ್ಳಲಾಗದ, ಆದರೂ ಕೆಲಸಕ್ಕೆ ಹೋಗಲೇಬೇಕಾದ ಒಂದು ದೇಶ.

ಸ್ಕೂಟರ್ ಯೋಚನೆ ಹುಟ್ಟಿದ್ದು ಅಲ್ಲಿ. ಹೆಲಿಕಾಪ್ಟರ್ ವಿನ್ಯಾಸಕ ಕೊರಾಡಿನೊ ದಸ್ಕಾನಿಯೊ ಮೊದಲು ಇನ್ನೊಚೆಂಟಿಯ ಜೊತೆಯೇ ಮಾತಾಡಿದ್ದ, ಚೌಕಟ್ಟು ಪೈಪಿನದೇ ಆಗಬೇಕೆಂದು ಇನ್ನೊಚೆಂಟಿ ಪಟ್ಟು ಹಿಡಿದದ್ದರಿಂದ ಮಾತು ಮುರಿಯಿತು ಎಂಬ ಕತೆಯನ್ನು ಸ್ಕೂಟರ್ ಪ್ರಿಯರು ಇವತ್ತಿಗೂ ಹೇಳುತ್ತಾರೆ. ದಸ್ಕಾನಿಯೊ ವಿಮಾನ ಮಾಡುತ್ತಿದ್ದ ಪಿಯಾಜಿಯೊ ಕಂಪನಿಗಾಗಿ ವೆಸ್ಪಾ ರೂಪಿಸಿದ. ಅದು 1946ರಲ್ಲಿ ಬಂತು. ಇನ್ನೊಚೆಂಟಿಯ ಲ್ಯಾಂಬ್ರೆಟ್ಟಾ 'ಎ' ಮಾಡೆಲ್ ಬಂದದ್ದು 1947ರಲ್ಲಿ. ಕಾರ್ಖಾನೆಯ ಬಳಿ ಹರಿಯುವ ಲ್ಯಾಂಬ್ರೊ ಹೊಳೆಯಿಂದ ಹೆಸರು. ವಿಮಾನದವರು ತಗಡು ಬಗ್ಗಿಸಿ ಮೈಯನ್ನೇ ಚೌಕಟ್ಟು ಮಾಡಿದರು; ಪೈಪಿನವನು ಪೈಪಿನ ಮೇಲೆ ಗಾಡಿ ಕಟ್ಟಿದ. ಇಬ್ಬರೂ ತಮ್ಮ ಕೈಗೆ ಗೊತ್ತಿದ್ದದ್ದನ್ನೇ ಮಾಡಿದರು.

ಮೊದಲ 'ಎ' ಮಾಡೆಲ್ ನೋಡಿದರೆ ಯಾರೂ ಸ್ಕೂಟರ್ ಎನ್ನಲಾರರು. ಪೈಪು, ಅದರ ಮೇಲೆ ಸೀಟು, ಕೆಳಗೆ ಬಯಲಿಗೇ ಬಿಟ್ಟ 123 ಸಿಸಿ ಎಂಜಿನ್. 1950ರ 'ಎಲ್‌ಸಿ'ಗೆ ಮೈ ಮುಚ್ಚುವ ತಗಡು ಬಂತು, ಅದರ ಹಿಂದೆಯೇ 'ಎಲ್‌ಡಿ' ಬಂತು. ಅವುಗಳಲ್ಲಿ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುತ್ತಿದ್ದದ್ದು ಶಾಫ್ಟಿನಿಂದ. ಗಾಳಿ ಸೀಳುವ ಕವಚ ತೊಟ್ಟ 125 ಸಿಸಿಯ ಒಂದು ಲ್ಯಾಂಬ್ರೆಟ್ಟಾವನ್ನು ರೊಮೊಲೊ ಫೆರ್ರಿ 1951ರಲ್ಲಿ ಜರ್ಮನಿಯ ಹೆದ್ದಾರಿಯಲ್ಲಿ ಗಂಟೆಗೆ 201 ಕಿಲೋಮೀಟರ್ ಓಡಿಸಿದ. ನಮ್ಮ ಮನೆಯ ಗಾಡಿಯ ವಂಶ ಶುರುವಾಗುವುದು 1958ರ ಎಲ್‌ಐಯಿಂದ. ಶಾಫ್ಟ್ ಹೋಗಿ ಎಣ್ಣೆಯಲ್ಲಿ ಮುಳುಗಿದ ಚೈನು ಬಂತು, ಹತ್ತು ಇಂಚಿನ ಚಕ್ರ, ನಾಲ್ಕು ಗೇರು. ಎಂಜಿನ್ ಗಾಡಿಯ ನಟ್ಟನಡುವೆ ಅಡ್ಡ ಮಲಗಿರುತ್ತದೆ. ವೆಸ್ಪಾದಲ್ಲಿ ಎಂಜಿನ್ ಬಲಗಡೆ ಜೋತಿರುವುದರಿಂದ ಗಾಡಿ ಆ ಕಡೆಗೆ ವಾಲುತ್ತದೆ ಎನ್ನುವುದು ಲ್ಯಾಂಬ್ರೆಟ್ಟಾದವರ ಹಳೆಯ ಚುಚ್ಚುಮಾತು. ಅಪ್ಪನೂ ಅದನ್ನು ವೆಸ್ಪಾ ಕುಲದ ಬಜಾಜ್ ಇಟ್ಟುಕೊಂಡ ಸಹೋದ್ಯೋಗಿಗಳಿಗೆ ದಿನಕ್ಕೊಮ್ಮೆ ಹೇಳುತ್ತಿದ್ದರು.

1962ರಲ್ಲಿ ಬಂದ ತೆಳುಮೈಯ ಟಿವಿ 175ಕ್ಕೆ ಮುಂದಿನ ಚಕ್ರದಲ್ಲಿ ಡಿಸ್ಕ್ ಬ್ರೇಕ್ ಇತ್ತು. ಮಾರಾಟಕ್ಕೆ ಬಂದ ಸ್ಕೂಟರುಗಳಲ್ಲಿ ಅದೇ ಮೊದಲು. ನಮ್ಮೂರಲ್ಲಿ ಸ್ಕೂಟರಿಗೆ ಡಿಸ್ಕ್ ಬ್ರೇಕ್ ನೋಡಲು ನಾನು ನಲವತ್ತು ವರ್ಷದವನಾಗಬೇಕಾಯಿತು.

ಇನ್ನು ದಿನನಿತ್ಯದ ಸಂಸಾರ. ಬೆಳಿಗ್ಗೆ ಅಪ್ಪ ಕಿಕ್ ಹೊಡೆಯುವ ಸದ್ದಿಗೆ ನಾವು ಏಳುತ್ತಿದ್ದೆವು. ಐದನೆಯದಕ್ಕೂ ಹೊತ್ತದಿದ್ದರೆ ಪ್ಲಗ್ ಬಿಚ್ಚುವ ಶಾಸ್ತ್ರ. ಪಕ್ಕದ ಪ್ಯಾನೆಲ್ ತೆಗೆದು, ಪ್ಲಗ್ ಕಳಚಿ, ತುದಿಯ ಕಪ್ಪನ್ನು ಉಜ್ಜುಕಾಗದದಲ್ಲಿ ತಿಕ್ಕಿ, ಉಫ್ ಎಂದು ಊದಿ, ಮತ್ತೆ ಹಾಕಬೇಕು. ತಪ್ಪು ಗಾಡಿಯದಲ್ಲ, ನಮ್ಮದು. ಪೆಟ್ರೋಲಿಗೆ ಆಯಿಲ್ ಬೆರೆಸುವಾಗ 'ಎಂಜಿನ್ ತಂಪಾಗಿರ್ಲಿ' ಅಂತ ಅಪ್ಪ ಒಂದು ಮುಚ್ಚಳ ಹೆಚ್ಚೇ ಸುರಿಯುತ್ತಿದ್ದರು. ಅದು ಪ್ಲಗ್ಗಿನ ಮೇಲೆ ಕೂತು, ಉಳಿದದ್ದು ಹೊಗೆಯಾಗಿ ಎದುರು ಮನೆಯವರ ಅಂಗಳಕ್ಕೆ ಹೋಗುತ್ತಿತ್ತು. ಕ್ಲಚ್ ಕೇಬಲ್ ಒಂದು, ಗೇರಿಗೆ ಎರಡು, ಮುಂದಿನ ಬ್ರೇಕಿಗೆ ಒಂದು. ಅಗ್ಗವೆಂದು ಕೊಂಡ ಡೂಪ್ಲಿಕೇಟ್ ಕೇಬಲ್ಲುಗಳು ಹೇಳದೆ ಕೇಳದೆ ಹರಿಯುತ್ತಿದ್ದವು. ಹಾಗಾಗಿ ಅಪ್ಪನ ಟೂಲ್ ಬಾಕ್ಸಿನಲ್ಲಿ ಸುರುಳಿ ಸುತ್ತಿದ ಕೇಬಲ್ ಯಾವಾಗಲೂ ಇರುತ್ತಿತ್ತು, ಪಕ್ಕದಲ್ಲಿ ಅಮ್ಮನ ಹಳೆಯ ಸೀರೆಯ ತುಂಡು.

ಅಮ್ಮನಿಗೂ ಗಾಡಿಗೂ ಇದ್ದ ಸಂಬಂಧ ಆ ತುಂಡಿನಷ್ಟೇ. ಹಿಂದೆ ಒಂದೇ ಪಕ್ಕಕ್ಕೆ ಕೂತು, ಒಂದು ಕೈಯಲ್ಲಿ ತಂಗಿಯನ್ನು, ಇನ್ನೊಂದರಲ್ಲಿ ಸ್ಟೆಪ್ನಿಯನ್ನು ಹಿಡಿದುಕೊಂಡು, ಪಿ.ಬಿ. ರಸ್ತೆಯ ಲಾರಿಗಳ ಪಕ್ಕ ಹತ್ತೊಂಬತ್ತು ವರ್ಷ ಓಡಾಡಿದಳು. ಎಣ್ಣೆ ಕಲೆಗೆ ಎಷ್ಟು ಸೀರೆ ಹೋದವು ಅನ್ನುವ ಲೆಕ್ಕ ಅವಳ ಹತ್ತಿರ ಇನ್ನೂ ಇದೆ. ಕಾಲು ಎತ್ತಿ ಹಾಯಿಸದೆ ಹತ್ತಬಹುದಾದ ಈ ಬಗೆಯ ಗಾಡಿಯನ್ನು ಇಟಲಿಯ ಜಾಹೀರಾತುಗಳಲ್ಲಿ ಹೆಂಗಸರು ನಗುತ್ತಾ ಓಡಿಸುತ್ತಾರೆ. ಆ ಚಿತ್ರಗಳನ್ನು ನಾನು ನೋಡಿದ್ದು ಎಷ್ಟೋ ಕಾಲದ ಮೇಲೆ. ನಮ್ಮ ಮನೆಯಲ್ಲಿ ಅಮ್ಮ ಒಂದು ದಿನವೂ ಅದರ ಹ್ಯಾಂಡಲ್ ಮುಟ್ಟಲಿಲ್ಲ. ಮುಟ್ಟುತ್ತೀಯಾ ಅಂತ ಯಾರೂ ಕೇಳಲೂ ಇಲ್ಲ.

ಹದಿನಾರನೇ ವಯಸ್ಸಿನಲ್ಲಿ ನಾನು ಅದನ್ನು ಕದ್ದು ಓಡಿಸಿ, ತಿರುವಿನಲ್ಲಿ ಮರಳಿನ ಮೇಲೆ ಜಾರಿ ಬಿದ್ದೆ. ನನ್ನ ಮೊಣಕಾಲು, ಗಾಡಿಯ ಎಡ ಪ್ಯಾನೆಲ್, ಎರಡೂ ಹೋದವು. ಮೇಸ್ತ್ರಿ ತನ್ನ ಶೆಡ್ಡಿನ ಮೂಲೆಯಿಂದ ಯಾವುದೋ ಗಾಡಿಯ ಹಸಿರು ಪ್ಯಾನೆಲ್ ತಂದು ಹಾಕಿದರು. ನಜ್ಜುಗುಜ್ಜಾದ ಬೂದು ಪ್ಯಾನೆಲ್ ಹಿತ್ತಲು ಸೇರಿತು. ಆಮೇಲಿನ ವರ್ಷಗಳೆಲ್ಲ ನಮ್ಮ ಗಾಡಿ ಬಲದಿಂದ ನೋಡಿದರೆ ಬೂದು, ಎಡದಿಂದ ನೋಡಿದರೆ ಹಸಿರು.

ನಮ್ಮ ಗಾಡಿ ಹೀಗೆ ಓಡಾಡುತ್ತಿದ್ದಾಗ ಅದರ ಕುಲ ಇಟಲಿಯಿಂದ ಭಾರತಕ್ಕೆ ವಲಸೆ ಬಂದಾಗಿತ್ತು. ಇಟಲಿಯವರ ಕೈಯಲ್ಲಿ ಕಾಸು ಆಡತೊಡಗಿದಂತೆ ಅವರು ಫಿಯಟ್ 500ರಂಥ ಪುಟ್ಟ ಕಾರುಗಳಿಗೆ ಹೋದರು. ಇನ್ನೊಚೆಂಟಿ ಕಂಪನಿಯೇ ಬ್ರಿಟಿಷರ ಲೈಸೆನ್ಸಿನಲ್ಲಿ ಮಿನಿ ಕಾರು ತಯಾರಿಸಲು ಶುರುಮಾಡಿತು. ಫರ್ಡಿನಾಂಡೊ 1966ರಲ್ಲಿ ತೀರಿಕೊಂಡ. ಬರ್ಟೋನೆ ವಿನ್ಯಾಸ ಮಾಡಿದ ಜಿಪಿ ಮಾಡೆಲ್ 1969ರಲ್ಲಿ ಬಂತು, ಅದೇ ಕೊನೆಯದು. ಭಾರತ ಸರ್ಕಾರ 1972ರಲ್ಲಿ ಸ್ಕೂಟರ್ಸ್ ಇಂಡಿಯಾ ಎಂಬ ಕಂಪನಿ ಕಟ್ಟಿ, ಲ್ಯಾಂಬ್ರಾತೆಯ ಯಂತ್ರಗಳನ್ನೂ ಅಚ್ಚುಗಳನ್ನೂ ಹೆಸರಿನ ಹಕ್ಕನ್ನೂ ಕೊಂಡು ಲಖನೌಗೆ ತಂದಿತು. 1975ರಲ್ಲಿ ಅಲ್ಲಿ ಉತ್ಪಾದನೆ ಆರಂಭ. ನಮ್ಮ ಗಣಿತದ ಮೇಷ್ಟ್ರು ಕೊಂಡ ವಿಜಯ್ ಸೂಪರ್ ಅದೇ ಜಿಪಿ. ಇಟಲಿಯ ಹೆಸರಾಂತ ಕಾರು ವಿನ್ಯಾಸಕರು ಗೆರೆ ಎಳೆದ ಗಾಡಿಯ ಮುಂದೆ ಅವರು ಮಜ್ಜಿಗೆ ಕ್ಯಾನು ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಅತ್ತ ಭಾಂಡುಪ್‌ನ ಎಪಿಐ ತನ್ನ ಹಳೆಯ ಎಲ್‌ಐಯನ್ನೇ ಲ್ಯಾಂಬಿ ಎಂಬ ಹೊಸ ಹೆಸರಿನಲ್ಲಿ ಮಾರುತ್ತಿತ್ತು. ಇಟಲಿ 1961ರ ಹೊತ್ತಿಗೆ ಕೈಬಿಟ್ಟ ರೂಪವನ್ನು ನಾವು ಎಂಬತ್ತರ ದಶಕದಲ್ಲೂ ಹೊಸ ಗಾಡಿಯೆಂದು ಕೊಳ್ಳುತ್ತಿದ್ದೆವು. ಅದನ್ನು ಗಟ್ಟಿತನ ಅನ್ನುವವರಿದ್ದಾರೆ. ಬೇರೆ ಆಯ್ಕೆ ಇರಲಿಲ್ಲ ಅನ್ನುವುದು ಹೆಚ್ಚು ಸರಿ.

ಆಯ್ಕೆ ಬಂದದ್ದು 1984ರಲ್ಲಿ, ಕೈನೆಟಿಕ್ ಹೋಂಡಾ ರೂಪದಲ್ಲಿ. ಗುಂಡಿ ಒತ್ತಿದರೆ ಸ್ಟಾರ್ಟು, ಗೇರಿಲ್ಲ, ಕ್ಲಚ್ಚಿಲ್ಲ. 1991ರಲ್ಲಿ ನಮ್ಮ ಮನೆಗೂ ಒಂದು ಬಂತು. ನಲವತ್ತೊಂದನೇ ವಯಸ್ಸಿನಲ್ಲಿ ಅಮ್ಮ ಎರಡೇ ವಾರಕ್ಕೆ ಅದನ್ನು ಕಲಿತು ಮಾರ್ಕೆಟ್ಟಿಗೆ ಹೋಗಿಬಂದಳು. ಅದೇ ತಿಂಗಳು ಲ್ಯಾಂಬ್ರೆಟ ಗುಜರಿಯ ತಳ್ಳುಗಾಡಿ ಏರಿತು. ಎಂಜಿನ್ ಮೇಸ್ತ್ರಿಗೆ ಹೋಯಿತು, ಉಳಿದದ್ದು ತೂಕದ ಲೆಕ್ಕಕ್ಕೆ. ಯಾರೂ ಅಳಲಿಲ್ಲ. ಗೇಟಿನವರೆಗೆ ಹೋದವರು ಅಪ್ಪ ಒಬ್ಬರೇ, ಅದೂ ಟೂಲ್ ಬಾಕ್ಸ್ ಒಳಗೇ ಉಳಿಯಿತೇನೋ ಅಂತ ನೋಡಲು. ಲಖನೌದಲ್ಲಿ ಸ್ಕೂಟರ್ ತಯಾರಿಕೆ 1997ರಲ್ಲಿ ನಿಂತು ವಿಕ್ರಮ್ ಮೂರುಚಕ್ರದ ಗಾಡಿಗಳಷ್ಟೇ ಉಳಿದವು. 2021ರಲ್ಲಿ ಕೇಂದ್ರ ಸಂಪುಟ ಕಂಪನಿಯನ್ನೇ ಮುಚ್ಚಲು ಒಪ್ಪಿಗೆ ಕೊಟ್ಟಿತು.

ನನ್ನ ಕೆಲಸ ಜವಳಿ ಯಂತ್ರಗಳದು. 2015ರ ನವೆಂಬರಿನಲ್ಲಿ ಮಿಲಾನಿನ ಐಟಿಎಂಎ ಪ್ರದರ್ಶನಕ್ಕೆ ಹೋಗಿದ್ದಾಗ ಅರ್ಧ ದಿನ ಬಿಡುವು ಸಿಕ್ಕಿತು. ಹಸಿರು ಮೆಟ್ರೊ ಹಿಡಿದು ಲ್ಯಾಂಬ್ರಾತೆಯಲ್ಲಿ ಇಳಿದು, ರುಬಟ್ಟಿನೊ ರಸ್ತೆಯ ಕಡೆಗೆ ನಡೆದೆ. ಕಾರ್ಖಾನೆಯ ಒಂದು ದೊಡ್ಡ ಶೆಡ್ಡಿನ ಅಸ್ಥಿಪಂಜರ ಇನ್ನೂ ನಿಂತಿತ್ತು. ಒಂದು ಕಾಲಕ್ಕೆ 'ಗಾಜಿನ ಅರಮನೆ' ಅನ್ನುತ್ತಿದ್ದರಂತೆ, ನಾನು ಹೋದಾಗ ಗಾಜೂ ಇರಲಿಲ್ಲ, ಅರಮನೆಯೂ ಇರಲಿಲ್ಲ. ಸುತ್ತ ಹೊಸ ಫ್ಲ್ಯಾಟುಗಳು, ಪಾರ್ಕು, ಪಕ್ಕದಲ್ಲಿ ಎತ್ತರದ ಹೆದ್ದಾರಿ. ಎದೆ ತುಂಬಿ ಬರಬಹುದೆಂದು ಸ್ವಲ್ಪ ಕಾದೆ. ಚಳಿ ಬಂತು, ಅಷ್ಟೆ.

ವಾಪಸು ಬರುವಾಗ ಒಂದು ಹಳೆಯ ಕಟ್ಟಡದ ಸುತ್ತ ಸಾರುವೆ ಕಟ್ಟುತ್ತಿದ್ದರು. ಜೊತೆಗಿದ್ದ ಇಟಲಿಯ ಏಜೆಂಟ್ ಹುಡುಗನಿಗೆ, ಆ ಪೈಪುಗಳಿಗೆ ನಿಮ್ಮಲ್ಲಿ ಏನಂತಾರೆ ಎಂದು ಕೇಳಿದೆ. 'ತೂಬಿ ಇನ್ನೊಚೆಂಟಿ' ಅಂದ. ಇನ್ನೊಚೆಂಟಿ ಅಂದರೆ? ನಿರಪರಾಧಿಗಳು ಎಂದು ಅರ್ಥ ಹೇಳಿ, ಪೈಪಿಗೆ ಅಂಥ ಹೆಸರು ಯಾಕೋ ತಾನೂ ಯೋಚಿಸಿಲ್ಲ ಅಂತ ನಕ್ಕ. ಅದು ಒಬ್ಬ ಮನುಷ್ಯನ ಅಡ್ಡಹೆಸರು, ನಮ್ಮಪ್ಪನ ಸ್ಕೂಟರಿನ ವಂಶವೂ ಅವನಿಂದಲೇ ಹೊರಟದ್ದು ಅಂತ ಹೇಳಿದಾಗ ನಂಬಲೋ ಬೇಡವೋ ಅನ್ನುವಂತೆ ನೋಡಿದ. ಅಲ್ಲಿ ಸ್ಕೂಟರ್ ನಿಂತು ಐವತ್ತು ವರ್ಷ ದಾಟಿತು. ಪೈಪು ಮಾತ್ರ ದಿನವೂ ಕೆಲಸಕ್ಕೆ ಹೋಗುತ್ತಿದೆ.

ಹೆಸರಿಗೂ ಇನ್ನೊಂದು ಬಾಳು ಸಿಕ್ಕಿದೆ. 2017ರಲ್ಲಿ ವಿ-ಸ್ಪೆಷಲ್ ಎಂಬ ಹೊಸ ಲ್ಯಾಂಬ್ರೆಟ್ಟಾ ಬಂತು. ಹಳೆಯವುಗಳಿಗೆ ಲಂಡನ್ನಿನಿಂದ ಬೆಂಗಳೂರಿನವರೆಗೆ ಕ್ಲಬ್ಬುಗಳಿವೆ. ಅವುಗಳಿಗೆ ಜೀವ ಹೊಯ್ಯುವ ಬಿಡಿಭಾಗಗಳಲ್ಲಿ ಎಷ್ಟೋ ಭಾರತದಲ್ಲಿ ತಯಾರಾದವು. ನಮ್ಮವರು ಹೊಗೆ ಕುಡಿದು ಸವೆಸಿದ ಗಾಡಿಗಳನ್ನು ಈಗಿನವರು ಬಣ್ಣ ಹೊಡೆದು, ಕ್ರೋಮ್ ಹಚ್ಚಿ, ಭಾನುವಾರ ಬೆಳಿಗ್ಗೆ ಕಾಫಿಗೆ ಒಯ್ಯುತ್ತಾರೆ. ತಪ್ಪೇನಿಲ್ಲ. ಸೋಮವಾರ ಅವರಿಗೆ ಬೇರೆ ಗಾಡಿ ಇರುತ್ತದೆ, ಅಪ್ಪನಿಗೆ ಇರಲಿಲ್ಲ.

ಫೋನಿನ ಹುಡುಗ ಬಿಡಲಿಲ್ಲ. 'ಸರ್, ಏನಾದ್ರೂ ಒಂದು ಪೀಸ್ ಉಳಿದಿಲ್ವಾ?' ಅಮ್ಮನ ಮುಖ ನೋಡಿದೆ. ಹಿತ್ತಲಲ್ಲಿ ಬಚ್ಚಲ ಒಲೆಯ ಬೂದಿ ತುಂಬುವ ತಗಡು ಇದೆಯಲ್ಲ, ಅದೇ ಆ ಬೂದು ಪ್ಯಾನೆಲ್ ಅಂದಳು. ಫೋಟೊ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: ಎರಡು ಸಾವಿರ ಕೊಡ್ತೀನಿ, ಕೊರಿಯರ್ ಖರ್ಚೂ ನಂದೇ.

ಇಡೀ ಗಾಡಿಗೆ ಬಂದದ್ದಕ್ಕಿಂತ ಎಂಟುನೂರು ಹೆಚ್ಚು. ಅಮ್ಮ ಸುಲಿದ ಅವರೆಕಾಳನ್ನು ಪಾತ್ರೆಗೆ ಸುರಿದು ಎದ್ದಳು.

'ಕೊಡು. ಆದ್ರೆ ಮೊದ್ಲು ಬೂದಿಗೆ ಬೇರೆ ತಗಡು ತಂದಿಡು.'